ಹೊಸತೊಡಕಿನ ದಿನ ಮಟನ್ ವಾಸನೆ ಬರಲಿಲ್ಲ

ಕೊರೊನಾ ಬಂದಿದ್ದ ಅಮ್ಮನಿಗೆ ಹಾಕಿದ್ದ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಯಂತ್ರ) ಅನ್ನು ಜೂನ್ ಮೊದಲ ವಾರ ವಾಪಸ್ ಕೊಟ್ಟೆವು. ಈಗ 2021ರ ಜುಲೈ. ಅಮ್ಮ ಹಿತ್ತಲಿಗೆ ತಾವೇ ಹೋಗಿ ಬರುತ್ತಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ಎರಡು ನಿಮಿಷ ಕೂರುತ್ತಾರೆ. ಸಾರಿಗೆ ಉಪ್ಪು ಕಡಿಮೆ ಅಂತ ನನ್ನ ಮೇಲೆ ರೇಗುತ್ತಾರೆ. ಅಂದರೆ ಹುಷಾರಾಗಿದ್ದಾರೆ. ಟಿವಿಯಲ್ಲಿ ದಿನಾ ಮೂರನೇ ಅಲೆಯ ಮಾತು. ಅದು ಬರುತ್ತೋ ಬಿಡುತ್ತೋ, ನಾವು ಮೂರು ತಿಂಗಳು ಏನು ಅನುಭವಿಸಿದೆವು ಅಂತ ಮರೆಯುವ ಮುಂಚೆ ಬರೆದಿಡೋಣ ಅನ್ನಿಸಿತು. ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಇದರಲ್ಲಿ ಬರುವ ತಪ್ಪುಗಳಲ್ಲಿ ಜಾಸ್ತಿ ನನ್ನವೇ.

ಏಪ್ರಿಲ್ 10, ಶನಿವಾರ. ವಿಜಯನಗರದ ಬಾಡಿಗೆ ರೂಮಿನಲ್ಲಿ ಬೆಳಗ್ಗೆ ಎದ್ದಾಗ ಗಂಟಲಲ್ಲಿ ಕೆರೆತ. ಅವತ್ತಿನಿಂದಲೇ ಬೆಂಗಳೂರಲ್ಲಿ ರಾತ್ರಿ ಕರ್ಫ್ಯೂ. ಹಿಂದಿನ ವಾರ ನನ್ನ ಜೊತೆ ಟೀ ಕುಡಿದಿದ್ದ ಸಹೋದ್ಯೋಗಿಗೆ ಪಾಸಿಟಿವ್ ಬಂದಿದೆ ಅಂತ ಆಫೀಸ್ ಗ್ರೂಪಿನಲ್ಲಿ ಮೆಸೇಜ್ ಇತ್ತು. ಓದಿದೆ. ಓದಿ, ಉಪ್ಪುನೀರು ಮುಕ್ಕಳಿಸಿ, ಒಂದು ಡೋಲೋ ನುಂಗಿ ಮಲಗಿದೆ. ಮಾರನೇ ದಿನ ಮೈ ಸ್ವಲ್ಪ ಬೆಚ್ಚಗಿತ್ತು. ಸೋಮವಾರ ಅದೂ ಇರಲಿಲ್ಲ. ಏಸಿ ಗಾಳಿಗೆ ಆಗಿದೆ ಅಂತ ನನಗೆ ನಾನೇ ಹೇಳಿಕೊಂಡೆ. ನನ್ನ ರೂಮಿನಲ್ಲಿ ಏಸಿ ಇಲ್ಲ.

ಟೆಸ್ಟ್ ಮಾಡಿಸಬಹುದಿತ್ತು. ನಡೆದು ಹೋಗುವಷ್ಟು ದೂರದಲ್ಲಿ ಆರೋಗ್ಯ ಕೇಂದ್ರ, ದುಡ್ಡೂ ಕೊಡಬೇಕಿರಲಿಲ್ಲ. ಆದರೆ ಮಂಗಳವಾರ ಯುಗಾದಿ. ಪಾಸಿಟಿವ್ ಅಂತ ಬಂದುಬಿಟ್ಟರೆ ಊರಿಗೆ ಹೋಗೋ ಹಾಗಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. 2020ರಲ್ಲಿ ನಮ್ಮ ಬೀದಿಯ ಒಂದು ಮನೆಯನ್ನು ಸೀಲ್‌ಡೌನ್ ಮಾಡಿದ್ದರು. ಬಾಗಿಲ ಮುಂದೆ ತಗಡಿನ ಶೀಟ್ ಹೊಡೆದಾಗ ಇಡೀ ಬೀದಿ ನಿಂತು ಮೊಬೈಲಲ್ಲಿ ವಿಡಿಯೋ ಮಾಡಿತ್ತು. ನಾನೂ ಮಾಡಿದ್ದೆ. ಆ ಶೀಟ್ ಹಿಂದೆ ನಾನು ನಿಲ್ಲೋದು ನನಗೆ ಬೇಡವಾಗಿತ್ತು.

ಆ ವಾರ ಸಾರಿಗೆ ನೌಕರರ ಮುಷ್ಕರ. ಸರ್ಕಾರಿ ಬಸ್ ಇಲ್ಲ. ಯಶವಂತಪುರದಲ್ಲಿ ಒಂದು ಟೆಂಪೋ ಟ್ರಾವೆಲರ್ ಸಿಕ್ಕಿತು. 12 ಜನ ಕೂರುವ ಗಾಡಿಯಲ್ಲಿ 16 ಜನ, ತಲೆಗೆ 600 ರೂಪಾಯಿ. ಬಿಸಿಲಿಗೆ ಕಿಟಕಿ ಮುಚ್ಚಿ, ಏಸಿ ಹಾಕಿದರು. ನನ್ನ ಮಾಸ್ಕ್ ಮೂಗಿನ ಕೆಳಗೆ ಇತ್ತು. ಎಲ್ಲರದ್ದೂ ಹಾಗೇ ಇತ್ತು ಅನ್ನೋದು ನಿಜ, ಆದರೆ ಗಂಟಲು ಕೆರೆತ ಇದ್ದದ್ದು ನನಗೆ.

ನಮ್ಮೂರು ತೆಂಗಿನ ತೋಟಗಳ ಕಡೆಯದು. ಮನೆಯಲ್ಲಿ ಅಪ್ಪ, ಅಮ್ಮ, ಎರಡು ಹಸು. ಅಪ್ಪನಿಗೆ 68, ಅಮ್ಮನಿಗೆ 61. ಅಮ್ಮನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. 60 ದಾಟಿದವರಿಗೆ ಮಾರ್ಚ್ 1ರಿಂದಲೇ ಲಸಿಕೆ ಶುರುವಾಗಿತ್ತು. ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದು ಕರೆದಿದ್ದರು. ಅಮ್ಮ ಫೋನ್ ಮಾಡಿ ಕೇಳಿದಾಗ, "ಒಂದೆರಡು ತಿಂಗಳು ನೋಡೋಣ ಬಿಡಮ್ಮ, ಏನೇನೋ ಆಗ್ತಿದೆಯಂತೆ" ಅಂದಿದ್ದು ನಾನು. ವಾಟ್ಸಾಪ್‌ನಲ್ಲಿ ಬಂದಿದ್ದ ಒಂದು ವಿಡಿಯೋ ಕೂಡ ಕಳಿಸಿದ್ದೆ. ಅದು ನಿಜವೋ ಸುಳ್ಳೋ ಅಂತ ನೋಡಲಿಲ್ಲ. ಅಪ್ಪ ನನ್ನನ್ನು ಕೇಳಲಿಲ್ಲ. ಡೈರಿಯ ಗೆಳೆಯರ ಜೊತೆ ಆಟೋದಲ್ಲಿ ಹೋಗಿ ಒಂದು ಡೋಸ್ ಹಾಕಿಸಿಕೊಂಡು, ಬರುವಾಗ ಬೋಂಡ ತಿಂದು ಬಂದಿದ್ದರು.

ಯುಗಾದಿ ಚೆನ್ನಾಗೇ ಆಯಿತು. ಎಣ್ಣೆ ಸ್ನಾನ, ಬೇವು ಬೆಲ್ಲ, ಒಬ್ಬಟ್ಟು. ಮಾರನೇ ದಿನ ಬುಧವಾರ, ಹೊಸತೊಡಕು. ನಮ್ಮ ಕಡೆ ಅವತ್ತು ಮಟನ್ ಮಾಡಲೇಬೇಕು, ಜಗಲಿ ಮೇಲೆ ಇಸ್ಪೀಟು ಆಡಲೇಬೇಕು. ಬೆಳಗ್ಗೆ 11ಕ್ಕೆ ಕೂತವರು ನಾವು ಎಂಟು ಜನ. ಒಂದೇ ಕಟ್ಟು ಎಲೆ, ಎಂಟು ಜೊತೆ ಕೈ. ನನ್ನ ಗೆಳೆಯನ ತಂದೆ ಆಡುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಎಲೆ ಅಡಿಕೆ ಮೆಲ್ಲುತ್ತಾ, ನನ್ನ ಹಿಂದೆ ಕೂತು ನನ್ನ ಆಟ ನೋಡಿ ಬೈಯುತ್ತಿದ್ದರು.

ಎರಡು ಗಂಟೆಗೆ ಊಟಕ್ಕೆ ಒಳಗೆ ಹೋದೆ. ಅಮ್ಮ ಸಾರಿನ ಪಾತ್ರೆಯ ಮುಚ್ಚಳ ತೆಗೆದರು. ಹಬೆ ಮುಖಕ್ಕೆ ಬಂತು. ವಾಸನೆ ಬರಲಿಲ್ಲ. ಬಗ್ಗಿ ಮೂಸಿದೆ. ಏನೂ ಇಲ್ಲ, ಬಿಸಿನೀರಿನ ಹಬೆ ಇದ್ದ ಹಾಗಿತ್ತು. ಹಿತ್ತಲಿಗೆ ಹೋಗಿ ಕರಿಬೇವು ಕಿತ್ತು ಉಜ್ಜಿ ಮೂಗಿಗೆ ಹಿಡಿದೆ. ಬಚ್ಚಲಲ್ಲಿ ಫಿನಾಯಿಲ್ ಬಾಟಲಿ ಬಿಚ್ಚಿದೆ. ಅದೂ ಇಲ್ಲ.

ಆ ಕ್ಷಣಕ್ಕೆ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಆಮೇಲೆ ಎಲ್ಲರಿಗೂ ಹೇಳಿದೆ, ಆದರೆ ಗೊತ್ತಾಗಿತ್ತು. ಅವತ್ತು ನಾನು ಹೊರಗೆ ಬಂದು, ಹಬ್ಬದ ನಡುವೆ ಎಲ್ಲರನ್ನೂ ಎಬ್ಬಿಸಿ ಕಳಿಸಬೇಕಿತ್ತು. ಅಪ್ಪ ಅಮ್ಮನಿಂದ ದೂರ ಮಲಗಬೇಕಿತ್ತು. ನಾನು ಮಾಡಿದ್ದು ಏನು ಅಂದರೆ ಊಟ ಮುಗಿಸಿ, ಮಾಸ್ಕ್ ಹಾಕಿಕೊಂಡು, ಮತ್ತೆ ಎರಡು ಆಟ ಆಡಿದೆ. ಯಾಕೋ ಮಾಸ್ಕು ಅಂತ ಒಬ್ಬ ಕೇಳಿದ. ಧೂಳು ಅಂದೆ.

ಶನಿವಾರ ರಾತ್ರಿ ಅಮ್ಮನಿಗೆ ಮೈಕೈ ನೋವು, ಜ್ವರ. ಭಾನುವಾರ ಬೆಳಗ್ಗೆ ಅಡುಗೆ ಮನೆಯಲ್ಲಿ ನಿಂತು ಇಬ್ಬರಿಗೂ ಹೇಳಿದೆ. ವಾಸನೆ ಹೋಗಿ ನಾಲ್ಕು ದಿನ ಆಯಿತು ಅಂದೆ. ಅಮ್ಮ, "ಮೊದಲೇ ಹೇಳಿದ್ರೆ ಕಷಾಯ ಮಾಡ್ಕೊಡ್ತಿದ್ದೆ ಅಲ್ವೇನೋ" ಅಂದರು. ಅಪ್ಪ ಏನೂ ಅನ್ನಲಿಲ್ಲ. ಹಸುವಿಗೆ ಹುಲ್ಲು ಹಾಕಲು ಹೋದರು.

ಸೋಮವಾರ, 19ನೇ ತಾರೀಖು, ತಾಲ್ಲೂಕು ಆಸ್ಪತ್ರೆಯಲ್ಲಿ ಮೂವರೂ ಮೂಗಿನ ದ್ರವ ಕೊಟ್ಟೆವು. ಎರಡೂವರೆ ಗಂಟೆ ಸಾಲು. ಆಧಾರ್ ಮತ್ತು ಮೊಬೈಲ್ ನಂಬರ್ ಕೇಳುತ್ತಿದ್ದರು. ಕೊಡುವ ನಂಬರ್ ಸರಿಯಾಗಿರಲಿ, ಆ ಫೋನ್ ಮನೆಯಲ್ಲಿ ಚಾರ್ಜ್ ಇರುವ ಫೋನೇ ಆಗಿರಲಿ. ಯಾಕಂದರೆ ಎಸ್‌ಆರ್‌ಎಫ್ ಐಡಿ ಅಂತ, ಟೆಸ್ಟಿಗೆ ಕೊಟ್ಟ ದ್ರವದ ಗುರುತಿಗೆ ಒಂದು ಉದ್ದನೆಯ ನಂಬರ್ ಅದಕ್ಕೇ ಬರುತ್ತಿತ್ತು. ಮುಂದೆ ರಿಪೋರ್ಟ್ ತೆಗೆಯಲು, ಬೆಡ್ ಕೇಳಲು, ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿದಾಗ, ಎಲ್ಲದಕ್ಕೂ ಮೊದಲು ಕೇಳುತ್ತಿದ್ದದ್ದು ಅದನ್ನೇ. ಮೆಸೇಜನ್ನು ನಂಬಿ ಕೂರಬೇಡಿ, ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ನಾನು ಅಪ್ಪನ ಹಳೇ ಫೋನಿನ ನಂಬರ್ ಕೊಟ್ಟಿದ್ದೆ. ಅದರ ಇನ್‌ಬಾಕ್ಸ್ ಭರ್ತಿಯಾಗಿ ಮೆಸೇಜೇ ಬಂದಿರಲಿಲ್ಲ. ಅದು ಗೊತ್ತಾಗಲು ಒಂದು ದಿನ ಹಿಡಿಯಿತು.

ರಿಪೋರ್ಟ್ ಬರಲು ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಇನ್ನೊಂದು ತಪ್ಪು ಮಾಡಿದೆ. ಯಾರೋ ಡಾಕ್ಟರ್ ಬರೆದ ಚೀಟಿ ಅಂತ ಒಂದು ಫೋಟೋ ಎಲ್ಲ ಗ್ರೂಪುಗಳಲ್ಲೂ ಓಡಾಡುತ್ತಿತ್ತು. ಏಳೆಂಟು ಮಾತ್ರೆ. ಮೆಡಿಕಲ್ ಸ್ಟೋರಿನಲ್ಲಿ ಆ ಫೋಟೋ ತೋರಿಸಿದರೆ ಸಾಕು, ಪ್ಯಾಕೆಟ್ ಕಟ್ಟಿ ಕೊಡುತ್ತಿದ್ದರು. ಅದರಲ್ಲಿ ಒಂದು ಸ್ಟಿರಾಯ್ಡ್. ಅಮ್ಮನಿಗೆ ಜ್ವರ ಬಂದ ಮೂರನೇ ದಿನದಿಂದ ಅದನ್ನೂ ಕೊಟ್ಟೆ. ಜೊತೆಗೆ ದಿನಕ್ಕೆ ಮೂರು ಲೋಟ ಬೆಲ್ಲ ಹಾಕಿದ ಕಷಾಯ. ಸಕ್ಕರೆ ಕಾಯಿಲೆ ಇರುವವರಿಗೆ! ಆಸ್ಪತ್ರೆಗೆ ಸೇರಿಸುವಾಗ ಅಮ್ಮನ ಶುಗರ್ 412. ಅಲ್ಲಿನ ಡಾಕ್ಟರ್ ನನ್ನ ಮುಖಕ್ಕೆ ಆ ಪ್ಯಾಕೆಟ್ ಹಿಡಿದು ಕೇಳಿದರು, "ಇದನ್ನ ಯಾರು ಬರೆದುಕೊಟ್ಟಿದ್ದು?" ಸ್ಟಿರಾಯ್ಡ್ ಉಪಯೋಗ ಆಗೋದು ಆಕ್ಸಿಜನ್ ಬೇಕಾಗುವಷ್ಟು ಕಾಯಿಲೆ ಜೋರಾದಾಗ, 2020ರಲ್ಲೇ ಇಂಗ್ಲೆಂಡಿನಲ್ಲಿ ದೊಡ್ಡ ಪರೀಕ್ಷೆ ಮಾಡಿ ತೋರಿಸಿದ್ದಾರೆ, ಅದಕ್ಕೆ ಮುಂಚೆ ಕೊಟ್ಟರೆ ಲಾಭ ಇಲ್ಲ, ಕೇಡೇ ಆಗಬಹುದು ಅಂತ ಆಮೇಲೆ ಅವರೇ ಕೂರಿಸಿ ವಿವರಿಸಿದರು. ಬೈದದ್ದಕ್ಕಿಂತ ವಿವರಿಸಿದ್ದು ಜಾಸ್ತಿ ನೋವಾಯಿತು.

ಬೆರಳಿಗೆ ಹಾಕಿ ರಕ್ತದಲ್ಲಿನ ಆಕ್ಸಿಜನ್ ಎಷ್ಟು ಶೇಕಡಾ ಇದೆ ಅಂತ ನೋಡುವ ಆಕ್ಸಿಮೀಟರ್ ಬಗ್ಗೆ ಹೇಳಲೇಬೇಕು. ತಾಲ್ಲೂಕಿನಲ್ಲಿ ಮೂರು ಅಂಗಡಿ ಸುತ್ತಿ 2,200 ರೂಪಾಯಿಗೆ ಒಂದು ತಂದೆ. ಬೇರೆ ದಿನಗಳಲ್ಲಿ ಅದು ಸಾವಿರದ ಒಳಗಿನ ಮಾಲು. ಅಳೆಯುವುದಕ್ಕೂ ರೀತಿ ಇದೆ. ಕೈ ತಣ್ಣಗಿದ್ದರೆ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ. ಉಗುರಿಗೆ ಬಣ್ಣ ಇರಬಾರದು. ಬೆರಳಿಗೆ ಹಾಕಿದ ತಕ್ಷಣದ ನಂಬರ್ ಬೇಡ, ಒಂದು ನಿಮಿಷ ಅಲ್ಲಾಡದೆ ಕೂತು ನಿಂತ ನಂಬರ್ ಬರೆದುಕೊಳ್ಳಿ. ಕೂತಾಗ ಚೆನ್ನಾಗಿದ್ದರೆ ಆರು ನಿಮಿಷ ಮನೆಯೊಳಗೇ ನಡೆಸಿ ಮತ್ತೆ ನೋಡಿ. ಕೂತಾಗಲೇ ಉಸಿರಾಡಲು ಕಷ್ಟ ಇದ್ದವರನ್ನು ಮಾತ್ರ ನಡೆಸಬೇಡಿ. ಗುರುವಾರ ರಾತ್ರಿ ಅಮ್ಮ ಕೂತಾಗ 94. ಪರವಾಗಿಲ್ಲ ಅಂದುಕೊಂಡೆ. ಆಶಾ ಕಾರ್ಯಕರ್ತೆ ಫೋನಿನಲ್ಲಿ, "ನಡೆಸಿ ನೋಡಣ್ಣ" ಅಂದರು. ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದ ಮೇಲೆ 89. ಅಮ್ಮ ನಗುತ್ತಲೇ ಇದ್ದರು, ಏದುಸಿರೂ ಇರಲಿಲ್ಲ. ಮನುಷ್ಯರು ಮಾತಾಡುತ್ತಾ ನಗುತ್ತಾ ಇರುವಾಗಲೇ ಒಳಗೆ ಆಕ್ಸಿಜನ್ ಇಳಿಯುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಇಡೀ ರಾತ್ರಿ ಅಮ್ಮನನ್ನು ಬೋರಲು ಮಲಗಿಸಿದೆವು. ಅಷ್ಟಕ್ಕೇ 93ಕ್ಕೆ ಬಂತು.

ಶುಕ್ರವಾರ 23ರ ಬೆಳಗ್ಗೆ ಆಸ್ಪತ್ರೆಗೆ ಹೊರಟಾಗ ರಿಪೋರ್ಟ್ ಬಂತು. ಮೂವರೂ ಪಾಸಿಟಿವ್. ಅಪ್ಪನಿಗೆ ಎರಡು ದಿನ ಜ್ವರ ಬಂದು ಹೋಗಿತ್ತು, ಅಷ್ಟೇ. ಆ ಒಂದು ಡೋಸ್ ಕಾಪಾಡಿತೋ, ಅದೃಷ್ಟವೋ ನಾನು ಹೇಳಲಾರೆ. ಅಪ್ಪ ಮಾತ್ರ ಡೋಸ್ ಅಂತಲೇ ಹೇಳುತ್ತಾರೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಬೆಡ್ ಎಲ್ಲ ಭರ್ತಿ. ಸಿಲಿಂಡರ್ ಹಚ್ಚಿ ವರಾಂಡದಲ್ಲಿ ಕೂರಿಸಿ, ಜಿಲ್ಲಾ ಕೇಂದ್ರಕ್ಕೆ ಬರೆದುಕೊಟ್ಟರು. 108ಕ್ಕೆ ಫೋನ್ ಮಾಡಿದೆ. ಅವರು ಬರಲ್ಲ ಅನ್ನಲಿಲ್ಲ, ಇದ್ದ ಗಾಡಿ ಇನ್ನೊಬ್ಬರನ್ನು ಬಿಡಲು ಹೋಗಿತ್ತು. ಮೂರು ಗಂಟೆ ಕಾದು ಖಾಸಗಿ ಆಂಬುಲೆನ್ಸ್ ಹಿಡಿದೆ. 64 ಕಿಲೋಮೀಟರಿಗೆ 7,500 ರೂಪಾಯಿ, ಮುಂಚೆಯೇ, ನಗದು. ರಸೀದಿ ಕೇಳಿದ್ದಕ್ಕೆ ಡ್ರೈವರ್ ನಕ್ಕ. ಹತ್ತುವ ಮುಂಚೆ ಸಿಲಿಂಡರಿನ ಮೀಟರ್ ನೋಡಿ. ನಾವು ನೋಡಲಿಲ್ಲ. ಅರ್ಧ ದಾರಿಯಲ್ಲಿ ಮುಳ್ಳು ಕೆಂಪಿಗೆ ಬಂದಾಗ ಅವನು ಗಾಡಿ ಓಡಿಸಿದ ವೇಗ ಇವತ್ತಿಗೂ ಕನಸಲ್ಲಿ ಬರುತ್ತದೆ.

ಜಿಲ್ಲಾ ಕೇಂದ್ರದ ಆಸ್ಪತ್ರೆ ತಲುಪಿದಾಗ ರಾತ್ರಿ 9. ವೀಕೆಂಡ್ ಕರ್ಫ್ಯೂ ಶುರುವಾಗಿತ್ತು, ಊರೆಲ್ಲ ಮುಚ್ಚಿತ್ತು. ಆಸ್ಪತ್ರೆ ಮುಂದೆ ಮಾತ್ರ ಜಾತ್ರೆ. ಸ್ಟ್ರೆಚರ್ ಮೇಲೆ ಅಮ್ಮ ಐದು ಗಂಟೆ ಇದ್ದರು. ರಾತ್ರಿ 2ಕ್ಕೆ ಬೆಡ್ ಸಿಕ್ಕಿತು. ಆ ಬೆಡ್ ಹೇಗೆ ಖಾಲಿಯಾಯಿತು ಅಂತ ನಮ್ಮ ಕಣ್ಣೆದುರೇ ಗೊತ್ತಾಯಿತು. ಆ ಮನೆಯವರು ಅಳುತ್ತಾ ಆಚೆ ಬಂದರು, ನಾವು ಸ್ಟ್ರೆಚರ್ ತಳ್ಳುತ್ತಾ ಒಳಗೆ ಹೋದೆವು. ದಾರಿಯಲ್ಲಿ ಅವರಲ್ಲೊಬ್ಬರು ನಮಗೆ ಬಾಗಿಲು ಹಿಡಿದು ನಿಂತರು.

ನಾನು ಪಾಸಿಟಿವ್ ಇದ್ದವನು ಆಸ್ಪತ್ರೆಯಲ್ಲಿ ಹೇಗೆ ಓಡಾಡಿದೆ ಅಂತ ಕೆಲವರು ಕೇಳಿದ್ದಾರೆ. ಲಕ್ಷಣ ಶುರುವಾಗಿ ಹತ್ತು ದಿನ ಕಳೆದು, ಕೊನೆಯ ಮೂರು ದಿನ ಜ್ವರ ಇಲ್ಲದಿದ್ದರೆ ಆಗಿನ ನಿಯಮದಂತೆ ಹೋಮ್ ಐಸೋಲೇಶನ್ (ಮನೆಯಲ್ಲೇ ಬೇರೆಯಾಗಿ ಇರೋದು) ಮುಗಿಯುತ್ತಿತ್ತು. ನನಗೆ ಅದು ಹದಿಮೂರನೇ ದಿನ. ಡಾಕ್ಟರನ್ನು ಕೇಳಿಯೇ ನಿಂತೆ. ವಾರ್ಡಿನ ಒಳಗೆ ಬಿಡುತ್ತಿರಲಿಲ್ಲ, ಅದು ಸರಿಯೇ.

ಆ ರಾತ್ರಿ ವರಾಂಡದಲ್ಲಿ ಕೂತು ರಿಪೋರ್ಟಿನ ಹಿಂಭಾಗದಲ್ಲಿ ಹೆಸರು ಬರೆದೆ. ಲಕ್ಷಣ ಕಾಣಿಸುವ ಎರಡು ದಿನ ಮುಂಚಿನಿಂದ ಲೆಕ್ಕ ಹಾಕಬೇಕು ಅಂತ ಟೆಸ್ಟ್ ಮಾಡುವಾಗಲೇ ಹೇಳಿದ್ದರು. ಆಫೀಸಿನ ನಾಲ್ವರು, ಟೆಂಪೋ ಡ್ರೈವರ್, ಇಸ್ಪೀಟಿನ ಏಳು ಜನ, ಹಬ್ಬಕ್ಕೆ ಹೋಗಿ ಕೂತಿದ್ದ ಮೂರು ಮನೆ, ಕಟಿಂಗ್ ಶಾಪ್. ಒಟ್ಟು 23 ಜನ. ಆಟ ಆಡಿ ಆಗಲೇ ಒಂಬತ್ತು ದಿನ ಆಗಿತ್ತು. ಈಗ ಹೇಳಿ ಏನು ಪ್ರಯೋಜನ ಅಂತ ಒಂದು ಮನಸ್ಸು. ಆ ಮನಸ್ಸನ್ನೇ ಕೇಳಿ ಕೇಳಿ ಇಲ್ಲಿಗೆ ಬಂದಿದ್ದೆ.

ಶನಿವಾರ ಬೆಳಗ್ಗೆ ಏಳರಿಂದ ಫೋನ್ ಮಾಡಿದೆ. ಮೊದಲ ಎರಡು ಫೋನಿನಲ್ಲಿ ನಾನು ಕತೆ ಹೇಳಿದೆ, ಗಂಟಲು ಕೆರೆತ, ಏಸಿ, ಬಸ್ ಮುಷ್ಕರ ಅಂತ. ಕೇಳುವವರಿಗೆ ಅದು ಬೇಕಿರಲಿಲ್ಲ. ಮೂರನೆಯವರಿಂದ ರೀತಿ ಬದಲಾಯಿಸಿದೆ. "ನನಗೆ ಪಾಸಿಟಿವ್. 14ನೇ ತಾರೀಖು ನಿಮ್ಮ ಜೊತೆ ಇಷ್ಟು ಹೊತ್ತು ಇದ್ದೆ, ಮಾಸ್ಕ್ ಇರಲಿಲ್ಲ. ಮನೆಯಲ್ಲಿ ವಯಸ್ಸಾದವರಿಗೆ ಜ್ವರ ಇದ್ದರೆ ಇವತ್ತೇ ಟೆಸ್ಟ್ ಮಾಡಿಸಿ. ನನಗೆ ಅವತ್ತೇ ಗೊತ್ತಿತ್ತು, ಹೇಳಲಿಲ್ಲ. ತಪ್ಪಾಯ್ತು." ಇಷ್ಟೇ. ನೀವು ಮಾಡೋದಾದರೆ ಮೊದಲು ತಾರೀಖು ಹೇಳಿ, ಕ್ಷಮೆ ಕೊನೆಗೆ ಕೇಳಿ. ಮೊದಲೇ ಕ್ಷಮೆ ಕೇಳಿದರೆ ಅವರು ನಿಮ್ಮನ್ನು ಸಮಾಧಾನ ಮಾಡಲು ಶುರು ಮಾಡುತ್ತಾರೆ, ತಾರೀಖು ಮರೆತೇ ಹೋಗುತ್ತದೆ.

ಒಬ್ಬ ನಕ್ಕ. ಒಬ್ಬ ಅಮ್ಮ ಅಕ್ಕ ಸೇರಿಸಿ ಬೈದ. ಒಬ್ಬರ ಮನೆಯಲ್ಲಿ ಬಾಣಂತನಕ್ಕೆ ಬಂದ ಮಗಳಿದ್ದಳು, ಆ ತಾಯಿ ಫೋನಿನಲ್ಲೇ ಅಳಲು ಶುರು ಮಾಡಿದರು. ಕಟಿಂಗ್ ಶಾಪಿನವರು, "ನಂಗೂ ವಾಸನೆ ಇಲ್ಲ ಕಣಣ್ಣ, ನಾನೂ ಯಾರಿಗೂ ಹೇಳಿಲ್ಲ" ಅಂದರು. ಟೆಂಪೋ ಡ್ರೈವರ್ ಫೋನ್ ಎತ್ತಲೇ ಇಲ್ಲ. ಕುರ್ಚಿ ಹಾಕಿಕೊಂಡು ಕೂತಿದ್ದ ತಂದೆಯ ಮಗ, ನನ್ನ ಗೆಳೆಯ, "ನಮ್ಮನೇಲಿ ಎಲ್ಲ ಚೆನ್ನಾಗಿದ್ದೀವಿ, ನೀನು ಅಮ್ಮನ್ನ ನೋಡ್ಕೋ" ಅಂದ. ಅವನ ತಂದೆಗೆ ಆಗಲೇ ಎರಡು ದಿನದಿಂದ ಜ್ವರ ಇತ್ತು.

ಅಮ್ಮನ ವಾರ್ಡಿನ ದಿನಗಳನ್ನು ಉದ್ದ ಎಳೆಯಲ್ಲ. ಶ್ವಾಸಕೋಶಕ್ಕೆ ಕಾಯಿಲೆ ಎಷ್ಟು ಹರಡಿದೆ ಅಂತ ಹೇಳುವ ಸಿಟಿ ಸ್ಕ್ಯಾನಿನ ಅಂಕ 25ಕ್ಕೆ 14. ಚೀಲ ಇರುವ ದೊಡ್ಡ ಮಾಸ್ಕ್, ನಿಮಿಷಕ್ಕೆ 12 ಲೀಟರ್ ಆಕ್ಸಿಜನ್. ಸ್ಟಿರಾಯ್ಡ್, ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್, ದಿನಕ್ಕೆ ಮೂರು ಸಲ ಇನ್ಸುಲಿನ್. ಒಳಗೆ ಕಳಿಸಲು ಏನೇನು ಬೇಕು ಅಂತ ಗೊತ್ತಿಲ್ಲದೆ ಒದ್ದಾಡಿದೆ. ಬಟನ್ ಇರುವ ಸಣ್ಣ ಫೋನ್ ಕೊಡಿ, ಸ್ಮಾರ್ಟ್‌ಫೋನ್ ಬೇಡ. ಮಾಸ್ಕ್ ಹಾಕಿದವರಿಗೆ ಅದು ಒತ್ತಲು ಬರಲ್ಲ, ಕಳೆದೂ ಹೋಗುತ್ತದೆ. ವೈರ್ ಉದ್ದ ಇರುವ ಚಾರ್ಜರ್. ಎಲ್ಲದರ ಮೇಲೂ ಪ್ಲಾಸ್ಟರ್ ಅಂಟಿಸಿ ಹೆಸರು, ಬೆಡ್ ನಂಬರ್, ನಿಮ್ಮ ಮೊಬೈಲ್ ನಂಬರ್. ದೊಡ್ಡವರ ಡೈಪರ್, ಸಣ್ಣ ಫ್ಲಾಸ್ಕ್, ಸ್ಟ್ರಾ. ಸ್ಟ್ರಾ ಮರೆಯಬೇಡಿ, ಮಾಸ್ಕ್ ಪೂರ್ತಿ ತೆಗೆಯದೆ ನೀರು ಕುಡಿಯಲು ಅದೊಂದೇ ದಾರಿ. ಹಳೇ ಕಾಯಿಲೆಗಳ ಚೀಟಿಗಳನ್ನು ಜೆರಾಕ್ಸ್ ಮಾಡಿ ಕೊಡಿ, ಮೂಲ ನಿಮ್ಮ ಹತ್ತಿರ ಇರಲಿ.

ನಾಲ್ಕನೇ ದಿನ ಪಕ್ಕದ ಬೆಡ್ಡಿನ ಮನೆಯವರು ರೆಮ್ಡೆಸಿವಿರ್ ಅನ್ನೋ, ವೈರಸ್ ವಿರುದ್ಧದ ಇಂಜೆಕ್ಷನ್ ಹುಡುಕುತ್ತಿದ್ದರು. ನಮ್ಮ ಡಾಕ್ಟರ್ ಬರೆದೇ ಇರಲಿಲ್ಲ. ಆದರೂ ನನಗೆ ಭಯ, ದುಡ್ಡಿಲ್ಲ ಅಂತ ಅಂದುಕೊಂಡು ಬರೆದಿಲ್ಲವೇನೋ ಅಂತ. ಒಂದು ಗ್ರೂಪಿನಲ್ಲಿ ನಂಬರ್ ಸಿಕ್ಕಿತು. ಒಂದು ವೈಲ್ 25,000, ಅಡ್ವಾನ್ಸ್ 10,000. ಫೋನ್‌ಪೇ ಮಾಡಿದೆ. ಐದು ನಿಮಿಷಕ್ಕೆ ಆ ನಂಬರ್ ಸ್ವಿಚ್ ಆಫ್. ಆಮೇಲೆ ನಾಚಿಕೆ ಬಿಟ್ಟು ಡಾಕ್ಟರನ್ನೇ ಕೇಳಿದೆ. "ಅದು ಪ್ರಾಣ ಉಳಿಸುತ್ತೆ ಅಂತ ಗಟ್ಟಿ ಪುರಾವೆ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆ ಹೋದ ವರ್ಷವೇ ಬೇಡ ಅಂದಿದೆ. ನಿಮ್ಮ ತಾಯಿಗೆ ಬೇಕಿರೋದು ಆಕ್ಸಿಜನ್, ಶುಗರ್ ಕಂಟ್ರೋಲ್, ಬೋರಲು ಮಲಗೋದು" ಅಂದರು. ಎರಡು ನಿಮಿಷದ ಮಾತು. ಮೊದಲೇ ಕೇಳಿದ್ದರೆ 10,000 ಉಳಿಯುತ್ತಿತ್ತು.

ಊರಿನಲ್ಲಿ ಅಪ್ಪ ಒಬ್ಬರೇ. ಡೈರಿಯಲ್ಲಿ ನಮ್ಮ ಹಾಲು ಬೇಡ ಅಂದರು, ಹದಿನಾಲ್ಕು ದಿನ. ಹಸು ಮಾತ್ರ ಹಾಲು ಕೊಡೋದು ನಿಲ್ಲಿಸಲ್ಲವಲ್ಲ. ದಿನಕ್ಕೆ 14 ಲೀಟರ್. ಕರುವಿಗೆ ಬಿಟ್ಟು, ಹೆಪ್ಪು ಹಾಕಿ, ಕೊನೆಗೆ ತೆಂಗಿನ ಬುಡಕ್ಕೆ ಸುರಿದರಂತೆ. ನನಗೆ ಅದನ್ನು ಫೋನಿನಲ್ಲಿ ಹೇಳಲಿಲ್ಲ. ಆಶಾ ಕಾರ್ಯಕರ್ತೆ ಹೇಳಿದ್ದು. ಅವರೇ ದಿನಾ ಗೇಟಿನ ಹತ್ತಿರ ತರಕಾರಿ, ಮಾತ್ರೆ ಇಟ್ಟು ಹೋಗುತ್ತಿದ್ದರು. ಅವರ ಮನೆಯ ಮುಂದೆಯೂ ಜನ ದೂರ ನಡೆಯುತ್ತಿದ್ದರಂತೆ.

ಮೇ 2, ಭಾನುವಾರ, ಗೆಳೆಯನ ತಂದೆ ಹೋದರು. ಮನೆಯಲ್ಲೇ. ಆಸ್ಪತ್ರೆಗೆ ಹೋದರೆ ವಾಪಸ್ ಬರಲ್ಲ ಅಂತ ಹಟ ಹಿಡಿದು ಟೆಸ್ಟೂ ಮಾಡಿಸಿರಲಿಲ್ಲ. ಸುದ್ದಿ ಬಂದಾಗ ನಾನು ಆಸ್ಪತ್ರೆ ಎದುರು ಗೆಳೆಯರೊಬ್ಬರ ಓಮ್ನಿಯಲ್ಲಿ ಮಲಗಿದ್ದೆ. ಲಾಡ್ಜುಗಳು ಮುಚ್ಚಿದ್ದರಿಂದ ಹತ್ತೊಂಬತ್ತು ರಾತ್ರಿ ಅದೇ ನನ್ನ ಮನೆ. ಫೋನ್ ಹಿಡಿದುಕೊಂಡು ಕೂತೆ, ಮಾಡಲಿಲ್ಲ. ನನ್ನಿಂದಲೇ ಹೋದರಾ? ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಆ ವಾರ ನಮ್ಮೂರಲ್ಲಿ ಎರಡು ಮದುವೆ ನಡೆದಿದ್ದವು. ಈ ಲೆಕ್ಕವನ್ನು ನಾನು ನೂರು ಸಲ ಹಾಕಿದ್ದೇನೆ. ನಿದ್ದೆ ಬರಬೇಕಾದಾಗ ಒಂದು ಉತ್ತರ ಬರುತ್ತದೆ, ಎಚ್ಚರ ಆದಾಗ ಇನ್ನೊಂದು.

ಮೇ 12ರಂದು ಅಮ್ಮನನ್ನು ಡಿಸ್ಚಾರ್ಜ್ ಮಾಡಿದರು. ಪೂರ್ತಿ ಲಾಕ್‌ಡೌನ್ ಶುರುವಾಗಿ ಎರಡು ದಿನ. ದಾರಿಯಲ್ಲಿ ಮೂರು ಕಡೆ ಪೊಲೀಸರು ನಿಲ್ಲಿಸಿದರು. ಡಿಸ್ಚಾರ್ಜ್ ಸಮ್ಮರಿಯನ್ನು ಗಾಡಿಯ ಗಾಜಿಗೆ ಅಂಟಿಸಿದ್ದೆವು, ತೊಂದರೆ ಆಗಲಿಲ್ಲ. ಆಸ್ಪತ್ರೆ ಬಿಡುವ ಮುಂಚೆ ಅದರಲ್ಲಿ ಹೆಸರು, ವಯಸ್ಸು, ಎಸ್‌ಆರ್‌ಎಫ್ ಐಡಿ ಸರಿ ಇದೆಯಾ ನೋಡಿ. ಅಮ್ಮನ ವಯಸ್ಸು 16 ಅಂತ ಬಿದ್ದಿತ್ತು. ಅಲ್ಲೇ ತಿದ್ದಿಸಿದ್ದಕ್ಕೆ ಅರ್ಧ ಗಂಟೆ ಹಿಡಿಯಿತು, ಬಿಟ್ಟು ಬಂದಿದ್ದರೆ ಮತ್ತೆ 64 ಕಿಲೋಮೀಟರ್.

ಮನೆಯಲ್ಲಿ ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬೇಕು ಅಂದಿದ್ದರು. ತಾಲ್ಲೂಕಿನ ಹುಡುಗರ ಒಂದು ಗುಂಪು 5 ಲೀಟರಿನ ಕಾನ್ಸಂಟ್ರೇಟರ್ ಕೊಟ್ಟಿತು, ಬಾಡಿಗೆ ಇಲ್ಲ. ಆದರೆ ಅದು ಕರೆಂಟಿನ ಮೇಲೆ ನಡೆಯೋ ಯಂತ್ರ. ನಮ್ಮೂರಲ್ಲಿ ಮೋಡ ಕಂಡರೆ ಸಾಕು, ಕರೆಂಟ್ ಹೋಗುತ್ತದೆ. ಮೊದಲ ರಾತ್ರಿಯೇ ಗಾಳಿ ಮಳೆ. ಯಂತ್ರ ಕೂಗಿಕೊಂಡು ನಿಂತಿತು. ಸಾಮಾನ್ಯ ಯುಪಿಎಸ್ ಅದನ್ನು ಜಾಸ್ತಿ ಹೊತ್ತು ಎಳೆಯಲ್ಲ. ಹಾಗಾಗಿ ಕಾನ್ಸಂಟ್ರೇಟರ್ ತರುವವರು ಜೊತೆಗೆ ಒಂದು ತುಂಬಿದ ಸಿಲಿಂಡರ್ ಇಟ್ಟುಕೊಳ್ಳಲೇಬೇಕು, ಅದನ್ನು ತಿರುಗಿಸುವ ಕೀಲಿ ಸಿಲಿಂಡರಿಗೇ ದಾರದಲ್ಲಿ ಕಟ್ಟಿರಬೇಕು. ಲೈನ್‌ಮನ್‌ಗೆ ಫೋನ್ ಮಾಡಿ ಪರಿಸ್ಥಿತಿ ಹೇಳಿದೆ. ಪಾಪ, ಆಮೇಲೆ ಲೈನ್ ತೆಗೆಯುವ ಮುಂಚೆ ಪ್ರತಿ ಸಲ ಫೋನ್ ಮಾಡುತ್ತಿದ್ದರು. ಯಂತ್ರದ ಡಬ್ಬಿಗೆ ಕಾಯಿಸಿ ಆರಿಸಿದ ನೀರು ಹಾಕಿ, ದಿನಾ ಬದಲಾಯಿಸಿ. ಆ ಹೊತ್ತಿಗೆ ಕಪ್ಪು ಶಿಲೀಂಧ್ರ (ಬ್ಲ್ಯಾಕ್ ಫಂಗಸ್) ಸೋಂಕಿನ ಸುದ್ದಿ ಎಲ್ಲ ಕಡೆ. ಸ್ಟಿರಾಯ್ಡ್ ಮತ್ತು ಸಕ್ಕರೆ ಕಾಯಿಲೆ ಎರಡೂ ಇದ್ದ ಅಮ್ಮನ ಮುಖವನ್ನು ದಿನಾ ಬೆಳಗ್ಗೆ ಟಾರ್ಚ್ ಹಿಡಿದು ನೋಡುತ್ತಿದ್ದೆ. ಕಣ್ಣು ಊದಿದೆಯಾ, ಕೆನ್ನೆ ನೋಯುತ್ತಾ, ಮೂಗಿನಿಂದ ಕಪ್ಪಗೆ ಏನಾದರೂ ಬರ್ತಿದೆಯಾ. ಅಮ್ಮನಿಗೆ ಬೇಜಾರಾಗಿ, "ಹೆಣ್ಣು ನೋಡೋಕೆ ಬಂದವರ ಥರ ನೋಡ್ತೀಯಲ್ಲೋ" ಅಂದರು. ಶುಗರ್ ದಿನಕ್ಕೆ ಎರಡು ಸಲ ಅಳೆದೆವು. ಅದು 200ರ ಕೆಳಗೆ ಬರಲು ಎರಡು ವಾರ ಹಿಡಿಯಿತು.

ಬೆಡ್ಡಿಗೆ, ಔಷಧಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಸರ್ಕಾರಿ ಆಸ್ಪತ್ರೆ. ಆದರೂ ಆಂಬುಲೆನ್ಸ್, ಹೊರಗಿನ ಸ್ಕ್ಯಾನ್, ಊಟ, ಡೀಸೆಲ್, ಮೋಸ ಹೋದ 10,000, ಎಲ್ಲ ಸೇರಿ 46,000 ಆಯಿತು. ಕಂಪನಿಯ ವಿಮೆ ಇತ್ತು. ಅದರ ಪಟ್ಟಿಯಲ್ಲಿದ್ದ ಒಂದು ಆಸ್ಪತ್ರೆಯಲ್ಲೂ ಬೆಡ್ ಇರಲಿಲ್ಲ.

ನನ್ನ ಮೂಗು ಮೇ ಕೊನೆಯಲ್ಲಿ ಅರ್ಧ ವಾಪಸ್ ಬಂತು. ಕಾಫಿಗೆ ಈಗಲೂ ಸುಟ್ಟ ರಬ್ಬರಿನ ವಾಸನೆ. ರೂಮು ಖಾಲಿ ಮಾಡಿದ್ದೇನೆ, ಊರಿನಿಂದಲೇ ಕೆಲಸ. ಬೆಟ್ಟದ ಪಕ್ಕದ ತೋಟದಲ್ಲಿ ಎರಡು ಗೆರೆ ನೆಟ್‌ವರ್ಕ್ ಸಿಗುತ್ತದೆ. ಮೀಟಿಂಗ್ ಇದ್ದಾಗ ಅಲ್ಲಿ ಕೂರುತ್ತೇನೆ. ಅಪ್ಪ ಹಾಲು ಹಾಕಲು ಮತ್ತೆ ಹೋಗುತ್ತಿದ್ದಾರೆ. 2021ರ ನಿಯಮದಂತೆ ಅಮ್ಮನಿಗೆ ಗುಣವಾಗಿ ಮೂರು ತಿಂಗಳಾದ ಮೇಲೆ ಲಸಿಕೆ. ಆಗಸ್ಟ್‌ನಲ್ಲಿ ತಾರೀಖು ಬೀಳುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಆ ವಿಡಿಯೋ ಕಳಿಸಿದ್ದ ಎಲ್ಲ ಗ್ರೂಪುಗಳಲ್ಲೂ, ಅದು ಸುಳ್ಳು, ನಾನು ನೋಡದೆ ಕಳಿಸಿದೆ ಅಂತ ಬರೆದೆ. ಮೂರು ಜನ ಹೆಬ್ಬೆರಳು ತೋರಿಸಿದರು. ಇಬ್ಬರು ಗ್ರೂಪ್ ಬಿಟ್ಟರು.

ಗೆಳೆಯನ ಮನೆಗೆ ಹೋಗಲು ಜುಲೈ ಆಯಿತು. ಹೋದ ಭಾನುವಾರ ಹೋದೆ. ಜಗಲಿಯಲ್ಲಿ ಅದೇ ಪ್ಲಾಸ್ಟಿಕ್ ಕುರ್ಚಿ. ಅವನು ಅದರಲ್ಲಿ ಕೂರು ಅನ್ನಲಿಲ್ಲ, ನಾನೂ ಕೂರಲಿಲ್ಲ. ಕೊಬ್ಬರಿ ರೇಟು, ಮಳೆ ಎಲ್ಲ ಮಾತಾಡಿದೆವು. ಆಮೇಲೆ ಹೇಳಿದೆ. ಹೊಸತೊಡಕಿನ ದಿನ ಊಟಕ್ಕೆ ಎದ್ದಾಗಲೇ ನನಗೆ ವಾಸನೆ ಹೋಗಿತ್ತು, ಧೂಳು ಅಂತ ಸುಳ್ಳು ಹೇಳಿ ಮತ್ತೆ ಬಂದು ಕೂತೆ ಅಂತ. ಅವನು ಎಷ್ಟೋ ಹೊತ್ತು ಸುಮ್ನೆ ಇದ್ದ. "ನೀನು ಫೋನ್ ಮಾಡಿದ ದಿನ ಅಪ್ಪಂಗೆ ಜ್ವರ ಇತ್ತು, ನಾನು ಹೇಳಲಿಲ್ಲ" ಅಂದ. ಇಬ್ಬರೂ ಅಷ್ಟಕ್ಕೇ ನಿಲ್ಲಿಸಿದೆವು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದ. ಬಿಪಿಎಲ್ ಕುಟುಂಬದಲ್ಲಿ ದುಡಿಯುವವರು ಕೊರೊನಾದಿಂದ ಸತ್ತರೆ ಒಂದು ಲಕ್ಷ ಕೊಡುವುದಾಗಿ ಜೂನ್‌ನಲ್ಲಿ ಸರ್ಕಾರ ಹೇಳಿದೆಯಲ್ಲ, ಅದಕ್ಕೆ ಏನೇನು ಬೇಕು ನೋಡು ಅಂದ. ಟೆಸ್ಟ್ ಆಗಿಲ್ಲ, ಎಸ್‌ಆರ್‌ಎಫ್ ಐಡಿ ಇಲ್ಲ, ಆಸ್ಪತ್ರೆ ಚೀಟಿ ಇಲ್ಲ. ಮರಣ ಪ್ರಮಾಣಪತ್ರವೂ ಇಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಲಾಕ್‌ಡೌನ್‌ನಲ್ಲಿ ಯಾರೂ ಹೋಗಿಲ್ಲ. 2021ರ ನಿಯಮದಂತೆ 30 ದಿನ ದಾಟಿದರೆ ಅಫಿಡವಿಟ್ ಬೇಕಿತ್ತು, ಮೇಲಿನವರ ಒಪ್ಪಿಗೆಯೂ ಬೇಕಿತ್ತು. ಆ ಒಂದು ಲಕ್ಷ ಸಿಗೋದು ಕಷ್ಟ ಅಂತ ಅವನಿಗೂ ಗೊತ್ತು. ಪ್ರಮಾಣಪತ್ರ ಇಲ್ಲದೆ ಜಮೀನಿನ ಖಾತೆಯೂ ಬದಲಾಗಲ್ಲ.

ಆಧಾರ್, ರೇಷನ್ ಕಾರ್ಡ್, ಪಹಣಿ ಜೋಡಿಸಿ ಇಟ್ಟಿದ್ದೇನೆ. ಸೋಮವಾರ ನೋಟರಿ ಹತ್ತಿರ ಹೋಗಿ, ಅಲ್ಲಿಂದ ಗ್ರಾಮ ಲೆಕ್ಕಿಗರ ಆಫೀಸಿಗೆ. ಅವನ ಬೈಕಿನಲ್ಲೇ ಹೋಗೋದು ಅಂತ ಆಗಿದೆ.